ನನ್ನ ಮನೆಸಾಲ ಮತ್ತು ಆಯ್ಲರ್ ಸಂಖ್ಯೆ

ಪುಣೆಯ ನಮ್ಮ ಫ್ಲ್ಯಾಟಿಗೆ 2021ರಲ್ಲಿ ಇಪ್ಪತ್ತು ವರ್ಷದ ಸಾಲ ತೆಗೆದಿದ್ದೆ. ಕೊನೆಯ ಕಂತು 2041ರ ಏಪ್ರಿಲ್ 5ಕ್ಕೆ. ಕಳೆದ ವರ್ಷ ಸಾಲ ಕೊಟ್ಟವರು ಹೊಸ ಆ್ಯಪ್ ತಂದರು. ತೆರೆದು ನೋಡಿದರೆ ಕೊನೆಯ ಕಂತಿನ ದಿನಾಂಕ 1905ರ ಫೆಬ್ರವರಿ! ಪಕ್ಕದಲ್ಲೇ ಕೆಂಪಕ್ಷರದಲ್ಲಿ 'ಅವಧಿ ಮೀರಿದ ಸಾಲ'. "ಮುತ್ತಜ್ಜನ ಕಾಲಕ್ಕ ತೀರಬೇಕಿತ್ತೇನ್ರೀ ಇದು?" ಎಂದು ಹೆಂಡತಿ ನಕ್ಕಳು. ಎರಡು ದಿನ ಬಿಟ್ಟು ವಸೂಲಿಯವರ ಫೋನ್ ಬಂದಾಗ ಇಬ್ಬರೂ ನಗಲಿಲ್ಲ.

ನನ್ನದು ಸಾಫ್ಟ್‌ವೇರ್ ಕೆಲಸ. 1905 ಕಂಡಾಗಲೇ ಕಳ್ಳ ಯಾರೆಂದು ಗೊತ್ತಾಗಿತ್ತು: 2147483647. ನಮ್ಮ ಎಣಿಕೆಯಲ್ಲಿ 214 ಕೋಟಿ 74 ಲಕ್ಷ 83 ಸಾವಿರದ 647.

ಹಳೆಯ ಅನೇಕ ಕಂಪ್ಯೂಟರ್ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ಕಾಲ ಅಳೆಯುತ್ತವೆ. ಅದಕ್ಕೆ ಇರುವುದು 32 ಬಿಟ್ ಜಾಗ. ಒಂದು ಬಿಟ್ ಧನವೋ ಋಣವೋ ಎಂಬ ಗುರುತಿಗೆ ಹೋಗುತ್ತದೆ. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ, 31 ಎರಡುಗಳನ್ನು ಗುಣಿಸಿ ಒಂದು ಕಳೆದದ್ದು. ಅದೇ ಇದು. ನಮ್ಮ ಗಡಿಯಾರದಲ್ಲಿ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಜಾಗ ತುಂಬುತ್ತದೆ. ಮರು ಸೆಕೆಂಡಿಗೆ ಎಣಿಕೆ ಋಣಕ್ಕೆ ಹೊರಳಿ 1901ರ ಡಿಸೆಂಬರಿಗೆ ಬೀಳುತ್ತದೆ. ನನ್ನ 2041 ಹೀಗೆಯೇ 1905 ಆಗಿತ್ತು.

ಈ ಸಂಖ್ಯೆಯ ಕಥೆ ಕಂಪ್ಯೂಟರಿಗಿಂತ ಹಳೆಯದು. ಇದು ಅವಿಭಾಜ್ಯ ಎಂದು 1772ರಲ್ಲಿ ತಿಳಿಸಿದವರು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೊನಾರ್ಡ್ ಆಯ್ಲರ್. ಆಗ ಅವರಿಗೆ ಕಣ್ಣು ಬಹುತೇಕ ಹೋಗಿತ್ತು. ಸಾಮಾನ್ಯ ದಾರಿಯಲ್ಲಿ ಹೋದರೆ ಇದರ ವರ್ಗಮೂಲದವರೆಗಿನ, ಅಂದರೆ 46,340ರೊಳಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಆಯ್ಲರ್ ಶ್ರಮ ಇಳಿಸಿದರು: ಇದನ್ನು ಭಾಗಿಸಬಲ್ಲ ಅವಿಭಾಜ್ಯ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಮಾತ್ರ ಬರಬೇಕು. 311 ಅಂಥದ್ದೊಂದು. ಅಂಥವನ್ನಷ್ಟೇ ಪರೀಕ್ಷಿಸಿದರು. ಒಂದೂ ಭಾಗಿಸಲಿಲ್ಲ.

ಈ ಅವಿಭಾಜ್ಯದಿಂದ ಒಂದು 'ಪರಿಪೂರ್ಣ ಸಂಖ್ಯೆ' ಹುಟ್ಟುತ್ತದೆ. 6 = 1+2+3 ಇದ್ದಂತೆ, ತನಗಿಂತ ಚಿಕ್ಕ ಭಾಜಕಗಳ ಮೊತ್ತಕ್ಕೆ ಸಮನಾದದ್ದು. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಸಿಗಲಾರದು, ಬರೀ ಕುತೂಹಲದ, ಉಪಯೋಗವಿಲ್ಲದ ಇಂಥವನ್ನು ಮುಂದೆ ಯಾರು ಹುಡುಕಿಯಾರು ಎಂಬರ್ಥದಲ್ಲಿ ಬರೆದರು. ಹುಡುಕುವುದು ನಿಲ್ಲಲಿಲ್ಲ. 2024ರಲ್ಲಿ ಇದೇ ಜಾತಿಯ, 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳ ಅವಿಭಾಜ್ಯ ಸಿಕ್ಕಿತು.

ಉಪಯೋಗವೂ ಬಂತು. ಗಡಿಯಾರದ ಮಿತಿಗೂ ಅವಿಭಾಜ್ಯತೆಗೂ ಸಂಬಂಧವಿಲ್ಲ, ನಿಜ. ಆದರೆ 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಸೂಚಿಸಿದ ಯಾದೃಚ್ಛಿಕ ಸಂಖ್ಯೆಗಳ ವಿಧಾನ ಆ ಗುಣವನ್ನೇ ನೆಚ್ಚಿದೆ. ಹಿಂದಿನ ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ ಶೇಷ ತೆಗೆದುಕೊಳ್ಳುತ್ತ ಹೋದರೆ, 1ರಿಂದ 2147483646ರವರೆಗಿನ ಪ್ರತಿ ಸಂಖ್ಯೆಯೂ ಒಮ್ಮೊಮ್ಮೆ ಬಂದ ಮೇಲೆಯೇ ಸುತ್ತು ಮರಳುತ್ತದೆ.

ಒಂದು ತಿಂಗಳು ಓಡಾಡಿ, ಈ ಲೆಕ್ಕವನ್ನೇ ಹಾಳೆಯಲ್ಲಿ ಬರೆದುಕೊಟ್ಟು, ನನ್ನ ದಿನಾಂಕ ತಿದ್ದಿಸಿದೆ. ನಿಮ್ಮದೂ ದೀರ್ಘ ಸಾಲವೋ ವಿಮೆಯೋ ಇದ್ದರೆ, 2038 ದಾಟುವ ದಿನಾಂಕಗಳನ್ನು ಇವತ್ತೇ ಒಮ್ಮೆ ನೋಡಿಕೊಳ್ಳಿ.