ನೀರಿನ ಹಂಗು ತೊರೆದ ಸರಕು ಎಂಜಿನ್
1939ರಲ್ಲಿ ಅಮೆರಿಕದ ಲಾ ಗ್ರೇಂಜ್ ಕಾರ್ಖಾನೆಯಿಂದ ಹೊರಬಂದ, 103 ಎಂಬ ಸಂಖ್ಯೆಯನ್ನು ಧರಿಸಿದ ‘ಎಫ್‌ಟಿ’ ಮಾದರಿಯ ಎಂಜಿನ್, ಭಾರವಾದ ಸರಕುಗಾಡಿಗಳನ್ನೆಳೆಯುವ ಸಾಮರ್ಥ್ಯವು ಉಗಿಯಂತ್ರಕ್ಕೆ ಮಾತ್ರವೇ ಉಂಟೆಂಬ ದೃಢವಾದ ನಂಬಿಕೆಯನ್ನು ಸುಮಾರು 11 ತಿಂಗಳುಗಳ ಪರೀಕ್ಷಾಸಂಚಾರದಲ್ಲಿ ಸಡಿಲಿಸಿತು. ಅದರ 16 ಸಿಲಿಂಡರುಗಳ ಡೀಸೆಲ್ ಯಂತ್ರವು ಚಕ್ರಗಳನ್ನು ನೇರವಾಗಿ ತಿರುಗಿಸದೆ ಜನರೇಟರನ್ನು ತಿರುಗಿಸಿ, ಅಲ್ಲಿ ಜನಿಸಿದ ವಿದ್ಯುತ್ತು ಅಚ್ಚುಗಳಿಗೆ ಜೋಡಿಸಿದ ಮೋಟಾರುಗಳನ್ನು ನಡೆಸುವುದರಿಂದ, ನಿಂತ ಗಾಡಿಯನ್ನು ಕದಲಿಸುವ ಮೊದಲ ಗಳಿಗೆಯಲ್ಲಿಯೇ ಅತ್ಯಧಿಕ ಎಳೆತವು ದೊರಕುವುದು. ಈ ವ್ಯವಸ್ಥೆಯ ನಿಜವಾದ ಸೊಬಗು ಇದೇ ಎಂದು ನನ್ನ ಭಾವನೆ. ತಲಾ 1,350 ಅಶ್ವಶಕ್ತಿಯ ನಾಲ್ಕು ಘಟಕಗಳು ಕೂಡಿ 5,400 ಅಶ್ವಶಕ್ತಿಯಾಗಿ ಒಬ್ಬನೇ ಚಾಲಕನ ಹತೋಟಿಗೆ ಒಳಪಟ್ಟವು. ಜಲವು ದುರ್ಲಭವಾದ ನೈಋತ್ಯದ ಮರುಭೂಮಿಯಲ್ಲಿ ಉಗಿಯಂತ್ರಗಳಿಗಾಗಿ ನೀರು ಸಾಗಿಸಿ ಬಳಲಿದ್ದ ಸಾಂಟಾ ಫೆ ರೈಲ್ವೆಯು ಇವನ್ನು ಆದರದಿಂದ ಕೊಂಡಿತು; 1945ರ ವೇಳೆಗೆ ಸಾವಿರಕ್ಕೂ ಮಿಕ್ಕ ಘಟಕಗಳು ನಿರ್ಮಾಣವಾಗಿದ್ದವು.