ನಿಪ್ಪಾಣಿಯ ಬಿಳಿ ನೊಣಕ್ಕೆ ಎಷ್ಟು ಹೆಸರು?

ನಿಪ್ಪಾಣಿ ಸುತ್ತಲಿನ ಬೀಡಿ ತಂಬಾಕಿಗೆ ಎಲೆ ಮುಟುರು ರೋಗ ಅಂಟಿಸುವುದು ಬಿಳಿ ನೊಣ. ಕಾಗವಾಡ, ರಾಯಬಾಗದ ಬೆಂಡೆ, ಟೊಮೆಟೊ ಬೆಳೆಗಾರರಿಗೂ ಇದರ ಪರಿಚಯ ಚೆನ್ನಾಗಿಯೇ ಇದೆ. ಗ್ರೀಸ್ ದೇಶದ ತಂಬಾಕಿನ ಮೇಲೆ ಸಿಕ್ಕ ಈ ಕೀಟವನ್ನು ಗೆನ್ನಾಡಿಯಸ್ 1889ರಲ್ಲಿ ವರ್ಣಿಸಿದ. ಅದೇ ಇಂದಿನ ಬೆಮಿಸಿಯಾ ಟಬಾಸಿ. 1929ರಲ್ಲಿ ಮಿಶ್ರಾ ಮತ್ತು ಲಾಂಬಾ ಭಾರತದ ಹತ್ತಿಯ ಮೇಲಿನ ನೊಣ ಬೇರೆಯದೇ ಎಂದು ತಿಳಿದು ಬೆಮಿಸಿಯಾ ಗಾಸಿಪಿಪರ್ಡಾ ಎಂದು ಹೆಸರಿಟ್ಟರು. ಹೀಗಾಗಿ ಮುಂದಿನ ದಶಕದಲ್ಲಿ ಪ್ರುತಿ ಮತ್ತು ಸ್ಯಾಮ್ಯುಯೆಲ್ ತಂಬಾಕಿನ ಮುಟುರು ರೋಗವನ್ನು ಹರಡುವುದು ಬಿಳಿ ನೊಣವೇ ಎಂದು ತೋರಿಸಿಕೊಟ್ಟ ಮಹತ್ವದ ಕೆಲಸ ದಾಖಲಾದದ್ದು ಹತ್ತಿಯ ನೊಣದ ಹೆಸರಿನಲ್ಲಿ! ಟಬಾಸಿ ಎಂದು ಹುಡುಕಿದವನಿಗೆ ಅದು ಸಿಗುವುದು ಹೇಗೆ? ಇದನ್ನು ಬರೀ ಅಜಾಗ್ರತೆ ಎನ್ನಲಾಗದು. ಬಿಳಿ ನೊಣದ ಜಾತಿಯನ್ನು ಗುರುತಿಸುತ್ತಿದ್ದದ್ದು ರೆಕ್ಕೆಯ ನೊಣದಿಂದಲ್ಲ, ಎಲೆಯ ತಳಕ್ಕೆ ಅಂಟಿಕೊಂಡ ಕೋಶದಿಂದ. ಆ ಕೋಶ ರೋಮವಿರುವ ಎಲೆಯ ಮೇಲೆ ಒಂದು ರೂಪ, ನುಣುಪು ಎಲೆಯ ಮೇಲೆ ಇನ್ನೊಂದು ರೂಪ ತಾಳುತ್ತದೆ. ಬೆಳೆ ಬದಲಾದಂತೆ ‘ಹೊಸ ಜಾತಿ’ಗಳು ಹುಟ್ಟಿಕೊಂಡವು. 1957ರಲ್ಲಿ ಲೂಯಿಸ್ ರಸೆಲ್ ಇಂಥ ಹಲವು ಹೆಸರುಗಳನ್ನು ಟಬಾಸಿಯೊಳಗೆ ಸೇರಿಸಿದರು. ರೂಪ ಬದಲಾಗುವುದು ಆಸರೆ ಗಿಡದಿಂದ ಎಂಬುದನ್ನು ಮೌಂಡ್ 1963ರಲ್ಲಿ ತೋರಿಸಿದರು.

ಹೆಸರು ಮೇಲಿಂದ ಮೇಲೆ ಬದಲಿಸಿದರೆ ಗೊಂದಲ ಹೆಚ್ಚುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆಗೂ ಈ ಅಂಜಿಕೆ ಇದೆ. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಅದರ ಮೂಲ ನಿಯಮ. ಆದರೂ 1899ರ ನಂತರ ಯಾರೂ ಬಳಸದ ಹಳೆಯ ಹೆಸರನ್ನು ಅಗೆದು ತಂದು, ಐವತ್ತು ವರ್ಷಗಳಲ್ಲಿ ಕನಿಷ್ಠ 10 ಲೇಖಕರ 25 ಕೃತಿಗಳಲ್ಲಿ ಬಳಕೆಯಾದ ಹೆಸರನ್ನು ಉರುಳಿಸಲು ಅದು ಬಿಡುವುದಿಲ್ಲ. ರೈತ ಬಿಳಿ ನೊಣ ಎನ್ನುತ್ತಾನೆ, ಲ್ಯಾಟಿನ್ ಹೆಸರಿನಿಂದ ಅವನಿಗೇನು ಎನ್ನುವವರಿಗೆ ಚಿಕ್ಕೋಡಿ, ಅಥಣಿ ಕಡೆ ಸೋಯಾಬೀನ್ ಎಲೆ ತಿನ್ನುವ ಸ್ಪೋಡಾಪ್ಟೆರಾ ಕೀಡೆಯೇ ಉತ್ತರ. ತಂಬಾಕಿನ ಕೀಡೆ ಎಂದು ಹೆಸರಾದದ್ದೂ ಇದೇ. ಇಲ್ಲಿ ತಪ್ಪು ತಿರುಗುಮುರುಗು: ಪ್ರೊಡೀನಿಯಾ ಲಿಟುರಾ ಎಂಬ ಇದರ ಹಳೆಯ ಹೆಸರೊಂದರಡಿಯೇ ಎರಡು ಕೀಟ. ಈಜಿಪ್ತಿನ ಹತ್ತಿಯನ್ನು ಕಾಡುವುದು ಲಿಟ್ಟೊರಾಲಿಸ್, ನಮ್ಮದು ಲಿಟುರಾ ಎಂದು ವಿಯೆಟ್ 1963ರಲ್ಲಿ ಬೇರ್ಪಡಿಸಿದ. ಅದಕ್ಕೆ ಮುಂಚಿನ ಈಜಿಪ್ತಿನ ಸಂಶೋಧನೆ ಓದಿ ಇಲ್ಲಿಗೆ ಸಲಹೆ ಬರೆದರೆ ಅದು ಬೇರೆ ಹುಳದ ಮದ್ದು.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಟಬಾಸಿ ಹೊರನೋಟಕ್ಕೆ ಒಂದೇ ಆದರೂ ಒಳಗೆ ಹಲವು ಜಾತಿಗಳ ಗುಂಪು ಎಂದು ಈಗ ಡಿಎನ್‌ಎ ಹೇಳುತ್ತಿದೆ. ಹಾಗಾದರೆ 1957ರ ವಿಲೀನವೇ ತಪ್ಪೇ? ನನಗೆ ಹಾಗೆನಿಸುವುದಿಲ್ಲ. ಬೆಳೆ ನೋಡಿ ಇಟ್ಟ ಹೆಸರುಗಳು ಆಗ ಹೋಗಲೇಬೇಕಿತ್ತು. ಇಂದಿನ ವಿಂಗಡಣೆ ನಿಂತಿರುವುದು ಬೇರೆಯೇ ಪುರಾವೆಯ ಮೇಲೆ. ಆದರೆ ವಿಲೀನದ ನಂತರ ಹಳೆಯ ಹೆಸರನ್ನು ದಾಖಲೆಯಿಂದ ಅಳಿಸಬಾರದು. 1999ರಲ್ಲಿ ಕೋಲಾರದ ಟೊಮೆಟೊದಲ್ಲಿ ಎಲೆ ಮುಟುರು ರೋಗ ವಿಪರೀತವಾದಾಗ ಸಿಕ್ಕಿದ್ದು ದೇಶಕ್ಕೆ ಹೊಸದಾದ ‘ಬಿ’ ಬಗೆಯ ಬಿಳಿ ನೊಣ. ಬರೀ ಟಬಾಸಿ ಎಂದು ಬರೆದುಕೊಂಡಿದ್ದರೆ ಈ ಆಗಂತುಕ ಗುಂಪಿನಲ್ಲೇ ಕಳೆದುಹೋಗುತ್ತಿತ್ತು. ನಿಪ್ಪಾಣಿಯ ತಂಬಾಕಿನಿಂದ ಇಂದು ಹಿಡಿದ ನೊಣದ ಚೀಟಿಯಲ್ಲೂ ಹೆಸರಿನ ಜೊತೆಗೆ ಊರು, ಗಿಡ, ಡಿಎನ್‌ಎ ಬಗೆ ಇರಬೇಕು. ಹಳೆಯ ವರದಿಗೆ ಜೋಡಿಸುವಾಗ ಅಲ್ಲಿ ಬಳಸಿದ ಹೆಸರನ್ನೂ ಪಕ್ಕದಲ್ಲೇ ಬರೆಯಬೇಕು.