ಕಿನ್ನಾಳದ ಚಿತ್ರಗಾರರು: ಮೂಲ ಮತ್ತು ವಲಸೆ

ನದೀಮೂಲ, ಋಷಿಮೂಲಗಳನ್ನು ಹುಡುಕಬಾರದೆಂಬುದು ನಮ್ಮಲ್ಲಿ ರೂಢವಾಗಿರುವ ಲೋಕೋಕ್ತಿ. ಮೂಲವನ್ನು ಕೆದಕಿ ಇತರರನ್ನು ಹೀಯಾಳಿಸುವ ಬುದ್ಧಿಗೆ ಹಿರಿಯರು ಹಾಕಿದ ಕಡಿವಾಣವಿದು. ಅರಿಯುವ ಆಸೆಗೆ ಇದು ಅಡ್ಡಿಯಾಗಲಾರದು. ನದಿಯ ಮೂಲವನ್ನು ಬಲ್ಲವನು ಅದರ ನೀರನ್ನು ಇನ್ನಷ್ಟು ಗೌರವದಿಂದ ಬಳಸುತ್ತಾನೆ. ಅಂತೆಯೇ ಒಂದು ಜನಸಮುದಾಯ ಎಲ್ಲಿಂದ ಬಂದಿತು, ಯಾವ ದಾರಿಯಲ್ಲಿ ನಡೆಯಿತು, ಏನನ್ನು ಹೊತ್ತು ತಂದಿತು ಎಂಬುದನ್ನು ಅರಿತವನು ಆ ಜನರ ಬಾಳನ್ನು ಹಗುರವಾಗಿ ಕಾಣಲಾರನು.

ಕೊಪ್ಪಳ ಸೀಮೆಯ ಕಿನ್ನಾಳವು ಮರದ ಗೊಂಬೆಗಳಿಗೆ ಹೆಸರಾದ ಗ್ರಾಮ. ನವರಾತ್ರಿಯ ಗೊಂಬೆಗಳಿಗಾಗಿ, ಗೌರಿ ಗಣೇಶರಿಗಾಗಿ, ತೊಟ್ಟಿಲು ಪಲ್ಲಕ್ಕಿಗಳಿಗಾಗಿ, ಗ್ರಾಮದೇವತೆಯರಾದ ದ್ಯಾಮವ್ವ ದುರ್ಗವ್ವರ ಮೂರ್ತಿಗಳಿಗಾಗಿ ಜನ ಈ ಊರನ್ನು ನೆನೆಯುತ್ತಾರೆ. ಈ ಕೆಲಸವನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದವರು ಚಿತ್ರಗಾರ ಮನೆತನದವರು. ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿರುವುದು ಸಂತೋಷದ ಸಂಗತಿ. ಊರಿನ ಹೆಸರು ಹೀಗೆ ಕಾನೂನಿನ ರಕ್ಷೆಯನ್ನು ಪಡೆಯಿತು. ಆದರೆ ಆ ಹೆಸರಿನ ಹಿಂದೆ ನಿಂತಿರುವ ಮನೆತನಗಳ ಚರಿತ್ರೆಯನ್ನು ಬರೆದಿಡುವ ಕಾರ್ಯ ಇನ್ನೂ ಪೂರ್ಣವಾಗಬೇಕಾಗಿದೆ. ಅದರ ಸ್ಥೂಲರೂಪವನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಪರಂಪರೆಯ ಮಾತು

ಚಿತ್ರಗಾರರು ತಮ್ಮನ್ನು ಸೋಮವಂಶದ ಕ್ಷತ್ರಿಯರೆಂದು ಹೇಳಿಕೊಳ್ಳುವ ವಾಡಿಕೆಯುಂಟು. ತಮ್ಮ ಪೂರ್ವಜರು ವಿಜಯನಗರದ ಅರಸರ ಆಶ್ರಯದಲ್ಲಿದ್ದರೆಂದೂ, ಹಂಪೆಯ ವಿರೂಪಾಕ್ಷನ ಗುಡಿಯ ಚಿತ್ರಗಳೂ ಮರದ ತೇರಿನ ಕುಸುರಿ ಕೆಲಸವೂ ಅವರ ಕೈಯಿಂದಲೇ ಆದುವೆಂದೂ ಪರಂಪರೆಯ ಮಾತಿದೆ. 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ರಾಮರಾಯನು ಮಡಿದ ಮೇಲೆ ರಾಜಧಾನಿ ಹಾಳಾಯಿತು. ಅರಸುಮನೆತನ ಪೆನುಗೊಂಡೆಗೆ ಸರಿಯಿತು. ಆಶ್ರಯ ತಪ್ಪಿದ ಕುಶಲಿಗಳು ದಿಕ್ಕುದಿಕ್ಕಿಗೆ ಚದುರಿದರು. ಅವರಲ್ಲಿ ಕೆಲವರು ತುಂಗಭದ್ರೆಯನ್ನು ದಾಟಿ ಕಿನ್ನಾಳದಲ್ಲಿ ನೆಲೆನಿಂತರು. ಇದು ಆ ಕಥೆಯ ಸಾರ.

ಈ ಕಥೆ ಅಸಂಭವವೇನೂ ಅಲ್ಲ. ಹಂಪೆಯಿಂದ ಕಿನ್ನಾಳಕ್ಕೆ ಒಂದೆರಡು ದಿನಗಳ ಕಾಲುನಡಿಗೆಯ ದಾರಿ. ಮಕ್ಕಳು ಮುದುಕರನ್ನು ಕಟ್ಟಿಕೊಂಡು ಹೊರಟವರು ಬಹುದೂರ ಹೋಗುವುದಕ್ಕಿಂತ ಭಾಷೆಯೂ ದೇವರೂ ಜಾತ್ರೆಯೂ ತಮ್ಮವೇ ಆಗಿರುವ ಸಮೀಪದ ನೆಲವನ್ನು ಹುಡುಕುವುದು ಸಹಜ. ಆದರೂ ಸಂಭವನೀಯವಾದದ್ದೆಲ್ಲವೂ ಸಿದ್ಧವಾದದ್ದಲ್ಲ. ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರ ಮೂಲವನ್ನು ಹೇಳುವಾಗಲೂ ಇದೇ 1565ರ ಚದುರುವಿಕೆಯನ್ನು ನೆನೆಯುತ್ತಾರೆ. 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರ ಆಶ್ರಯಕ್ಕೆ ಅವರು ಬಂದರೆನ್ನುತ್ತಾರೆ. ತಂಜಾವೂರಿನ ಚಿತ್ರಕಲೆಯ ಮೂಲವನ್ನೂ ವಿಜಯನಗರದೊಡನೆ ಜೋಡಿಸುವುದುಂಟು. ಇಷ್ಟು ಕಡೆಗಳಲ್ಲಿ ಒಂದೇ ವರ್ಷ ಕೇಳಿಬರುವಾಗ ಆ ವರ್ಷವು ಎಲ್ಲರೂ ತಮ್ಮ ನೆನಪಿನ ಹಗ್ಗವನ್ನು ಕಟ್ಟಿದ ಗೂಟವೂ ಆಗಿರಬಹುದೆಂದು ವಿವೇಕಿಗಳು ಯೋಚಿಸಬೇಕಾಗುತ್ತದೆ. ಹಾಗಾದರೆ ಕಥೆಯನ್ನು ತೂಗುವ ತಕ್ಕಡಿ ಯಾವುದು?

ದೂರದೇಶದ ಒಂದು ನಿದರ್ಶನ

ಬರೆಹವಿಲ್ಲದ ಕುಲಗಳ ಚರಿತ್ರೆಯನ್ನು ಕಟ್ಟುವ ಕ್ರಮವನ್ನು ತಿಳಿಯಲು ದಕ್ಷಿಣ ಆಫ್ರಿಕಾದ ಸೋಥೊ ಭಾಷಿಕರ ನಿದರ್ಶನ ಉಪಯುಕ್ತವಾಗಿದೆ. ಅವರಲ್ಲಿ ಒಂದೊಂದು ಕುಲಕ್ಕೂ ಒಂದೊಂದು ಲಾಂಛನ. ಬಾಕ್ವೇನರದು ಮೊಸಳೆ, ಬಾತಾಉಂಗರದು ಸಿಂಹ. ಅಪರಿಚಿತನ ಕುಲವನ್ನು ತಿಳಿಯಬೇಕಾದರೆ ‘ನೀನು ಯಾವುದನ್ನು ಕುಣಿಯುತ್ತೀ?’ ಎಂದು ಕೇಳುವುದು ಅವರ ಪದ್ಧತಿ. ನಮ್ಮ ಕುರುಬರೇ ಮೊದಲಾದವರಲ್ಲಿ ಆನೆ, ಅರಿಸಿನ ಮುಂತಾದ ಹೆಸರಿನ ಬೆಡಗುಗಳಿರುವುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಸೋಥೊ ಕುಲಗಳ ಐತಿಹ್ಯವು ನ್ಟ್ಸುವಾನಾಟ್ಸಾಟ್ಸಿ ಎಂಬ ಬೆಟ್ಟವನ್ನು ತಮ್ಮ ಮೂಲಸ್ಥಾನವೆಂದು ಹೇಳುತ್ತದೆ. ಅಲ್ಲಿಯ ಜೊಂಡಿನ ಹೊಂಡದಿಂದ ಮೊದಲ ಮನುಷ್ಯರು ಮೇಲೆದ್ದು ಬಂದರಂತೆ. ಜೊಂಡಿನಿಂದ ಮನುಷ್ಯ ಹುಟ್ಟಿದನೆಂಬುದನ್ನು ಪುರಾತತ್ತ್ವಜ್ಞರು ನಂಬಬೇಕಾಗಿಲ್ಲ. ಆದರೆ ಆ ಬೆಟ್ಟದ ಪ್ರದೇಶದಲ್ಲಿ ಹಳೆಯ ಕಲ್ಲುಗೋಡೆಯ ವಸತಿಗಳ ಅವಶೇಷಗಳು ಅವರಿಗೆ ದೊರೆತುವು. ಮೊಲೋಕೊ ಎಂದು ಕರೆಯಲಾಗುವ ಮಡಕೆಗಳ ಮಾದರಿಯನ್ನು ಹಿಡಿದು ಸೋಥೊ ಮತ್ತು ತ್ಸ್ವಾನಾ ಜನರ ಪೂರ್ವಜರ ಸಂಚಾರವನ್ನು ಗುರುತಿಸುವುದೂ ಅವರಿಗೆ ಸಾಧ್ಯವಾಯಿತು. ಕಥೆಯು ದಿಕ್ಕನ್ನು ತೋರಿತು. ಮಡಕೆಯು ಸಾಕ್ಷಿ ನುಡಿಯಿತು.

ಮುಂದೆ 1820ರ ದಶಕದಲ್ಲಿ ಯುದ್ಧ ಮತ್ತು ಕ್ಷಾಮಗಳಿಂದ ಆ ಕುಲಗಳು ಛಿದ್ರಛಿದ್ರವಾದುವು. ಮೊಶ್ವೇಶ್ವೆ ಎಂಬ ನಾಯಕನು 1824ರಲ್ಲಿ ಥಾಬಾ ಬೊಸಿಯು ಎಂಬ ಗಿರಿದುರ್ಗವನ್ನು ಸೇರಿ, ಬೇರೆ ಬೇರೆ ಕುಲಗಳ ನಿರಾಶ್ರಿತರನ್ನು ಕೂಡಿಸಿ ಒಂದು ಜನಾಂಗವನ್ನೇ ಕಟ್ಟಿದನು. 1966ರಲ್ಲಿ ಸ್ವತಂತ್ರವಾದ ಲೆಸೋಥೊ ದೇಶಕ್ಕೆ ಇದೇ ತಳಹದಿ. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ಮೂಲದ ಕಥೆಯನ್ನು ತಳ್ಳಿಹಾಕದೆ ಕೈಕೆಲಸದ ಸಾಕ್ಷ್ಯದೊಡನೆ ಅದನ್ನು ಒರೆಹಚ್ಚಬೇಕು. ಎರಡನೆಯದು, ಕುಲವೆಂಬುದು ಒಂದೇ ದಿನ ಒಂದೇ ದಾರಿಯಲ್ಲಿ ನಡೆದು ಬಂದದ್ದಾಗಿರಬೇಕಿಲ್ಲ. ಅದು ಅನೇಕ ಪಯಣಗಳ ಸಂಗಮವೂ ಆಗಿರಬಹುದು. ಈ ಎರಡು ಪಾಠಗಳೊಡನೆ ಮತ್ತೆ ಕಿನ್ನಾಳಕ್ಕೆ ಬರೋಣ.

ಕೈಕೆಲಸದ ಸಾಕ್ಷ್ಯ

ನಮ್ಮ ಸೀಮೆಯ ಲಂಬಾಣಿಗರ ಮೂಲವನ್ನು ಅವರ ಮಾತೇ ಹೇಳುತ್ತದೆ. ತಾಂಡಾಗಳಲ್ಲಿ ಆಡುವ ನುಡಿ ರಾಜಸ್ಥಾನದ ನುಡಿಗಳಿಗೆ ಹತ್ತಿರ. ರಾಠೋಡ, ಪವಾರ, ಚವ್ಹಾಣ ಎಂಬ ಕುಲನಾಮಗಳೂ ಅತ್ತಲೇ ಬೆರಳು ಮಾಡುತ್ತವೆ. ಕಿನ್ನಾಳದ ಚಿತ್ರಗಾರರ ವಿಷಯದಲ್ಲಿ ಇಂಥ ಸುಲಭ ಸಾಕ್ಷಿಯಿಲ್ಲ. ಅವರ ಮೂಲವನ್ನು ಅವರ ಕೆಲಸದಲ್ಲಿಯೇ ಓದಬೇಕು.

ಆ ಕೆಲಸದ ಕ್ರಮ ಹೀಗಿದೆ. ಪೊಳಕಿ ಎಂಬ ಹಗುರವಾದ ಮರವನ್ನು ಒಣಗಿಸಿ ಗೊಂಬೆಯ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತುತ್ತಾರೆ. ಗರುಡನಿಗೆ 12 ಭಾಗಗಳು; ಪೀಠಸ್ಥನಾದ ಗಣೇಶನಿಗೆ 22 ಭಾಗಗಳು. ಇವನ್ನು ಹುಣಸೆ ಬೀಜವನ್ನು ನೆನೆಸಿ ಅರೆದು ಮಾಡಿದ ಅಂಟಿನಿಂದ ಜೋಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದರೆ ‘ಕಿಟ್ಟ’ ಸಿದ್ಧವಾಗುತ್ತದೆ. ಕಿಟ್ಟವನ್ನು ಗೊಂಬೆಯ ಮೈಗೆ ಬಳಿದು, ಅದರ ಮೇಲೆ ಅರಿವೆಯ ಚೂರುಗಳನ್ನು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಹಾರ, ಕಿರೀಟ, ತೋಳಬಂದಿಗಳನ್ನು ಉಬ್ಬಿಸುವುದೂ ಇಂಥ ಲೇಪದಿಂದಲೇ. ಇಷ್ಟಾದ ಬಳಿಕ ಬಣ್ಣ. ಚಿನ್ನ ಬೆಳ್ಳಿಗಳ ಹೊಳಪನ್ನು ತರುವ ಹಳೆಯ ವಿಧಾನಕ್ಕೆ ‘ಲಾಜವರ’ ಎಂದು ಹೆಸರು.

ಈ ವಿವರಗಳಲ್ಲಿ ಮೂರು ದಾರಿಗಳ ಗುರುತುಗಳಿವೆ.

ಮೊದಲನೆಯದು ದಕ್ಷಿಣದ ದಾರಿ. ಒಡವೆಗಳನ್ನು ಲೇಪದಿಂದ ಉಬ್ಬಿಸಿ ಅದರ ಮೇಲೆ ಹೊಳಪನ್ನು ಕೂಡಿಸುವ ಕ್ರಮ ಮೈಸೂರು ಮತ್ತು ತಂಜಾವೂರು ಚಿತ್ರಗಳಲ್ಲಿಯೂ ಉಂಟು. ಮೈಸೂರಿನಲ್ಲಿ ಬಿಳಿಯ ಪುಡಿಯನ್ನು ಅಂಟಿನೊಡನೆ ಬೆರೆಸಿ ಉಬ್ಬು ರೇಖೆಯೆಳೆದು ಚಿನ್ನದ ರೇಕನ್ನು ಕೂರಿಸುತ್ತಾರೆ. ದ್ರವ್ಯಗಳು ಬೇರೆ, ಕಲ್ಪನೆ ಒಂದೇ. ವಿಜಯನಗರವು ಇವೆಲ್ಲಕ್ಕೂ ಸಮಾನವಾದ ತವರೆಂಬ ಪರಂಪರೆಯ ಮಾತಿಗೆ ಇದು ಬಲ ಕೊಡುತ್ತದೆ.

ಎರಡನೆಯದು ಪೂರ್ವದ ದಾರಿ. ಆಂಧ್ರದ ಕೊಂಡಪಲ್ಲಿಯ ಗೊಂಬೆಗಾರರು ಪೊನಿಕಿ ಎಂಬ ಹಗುರ ಮರವನ್ನು ಬಳಸುತ್ತಾರೆ. ಹುಣಸೆ ಬೀಜ ಮತ್ತು ಮರದ ಹೊಟ್ಟಿನಿಂದ ಮಾಡಿದ ‘ಮಕ್ಕು’ ಎಂಬ ಲೇಪದಿಂದ ಅಂಗಗಳನ್ನು ಕೂಡಿಸುತ್ತಾರೆ. ತೆಲಂಗಾಣದ ನಿರ್ಮಲದಲ್ಲಿಯೂ ಇಂಥದೇ ಮರ, ಹುಣಸೆ ಬೀಜದ್ದೇ ಲೇಪ. ಪೊನಿಕಿ, ಪೊಳಕಿ ಎಂಬ ಹೆಸರುಗಳ ಸಾಮೀಪ್ಯವೂ ಗಮನಾರ್ಹ. ವಿಚಿತ್ರವೆಂದರೆ ಕೊಂಡಪಲ್ಲಿಯವರು ತಮ್ಮ ಮೂಲವನ್ನು ರಾಜಸ್ಥಾನಕ್ಕೆ ಒಯ್ಯುತ್ತಾರೆ, ಕಿನ್ನಾಳದವರು ವಿಜಯನಗರವೆನ್ನುತ್ತಾರೆ. ಕುಲದ ಕಥೆಗಳು ಬೇರೆ ಬೇರೆ ದಿಕ್ಕಿಗೆ ಹೋದರೂ ಕೈಯ ಕಥೆ ಒಂದೇ ದಿಕ್ಕಿಗೆ ಬರುತ್ತದೆ. ವಿದ್ಯೆಯು ರಕ್ತದ ದಾರಿಯಲ್ಲಿ ಮಾತ್ರ ನಡೆಯುವುದಿಲ್ಲ. ಸಂತೆಯ ದಾರಿ, ಜಾತ್ರೆಯ ದಾರಿ, ಗುರುಶಿಷ್ಯರ ದಾರಿಗಳಲ್ಲಿಯೂ ನಡೆಯುತ್ತದೆ.

ಮೂರನೆಯದು ಉತ್ತರದ ದಾರಿ. ‘ಲಾಜವರ’ ಎಂಬ ಶಬ್ದ ಕನ್ನಡದ್ದೂ ಅಲ್ಲ, ಸಂಸ್ಕೃತದ್ದೂ ಅಲ್ಲ. ನೀಲಿಯ ಮಣಿಗೆ ಪಾರಸಿಯಲ್ಲಿರುವ ‘ಲಾಜವರ್ದ್’ ಎಂಬ ಹೆಸರನ್ನು ಅದು ನೆನಪಿಗೆ ತರುತ್ತದೆ. ವಿಜಯನಗರದ ತರುವಾಯ ಈ ಸೀಮೆ ಬಿಜಾಪುರದ ಆದಿಲಶಾಹಿಗೂ, ಹೈದರ್ ಟಿಪ್ಪೂ ಕಾಲವನ್ನು ಕಂಡ ಮೇಲೆ ಹೈದರಾಬಾದಿನ ನಿಜಾಮರಿಗೂ ಒಳಪಟ್ಟಿತ್ತು. ಕೊಪ್ಪಳವು ಸಾಲಾರಜಂಗರ ಜಹಗೀರಿಯಾಗಿತ್ತು. ಆಳುವವರ ಭಾಷೆ ಕುಶಲಿಯ ಕಾರ್ಯಶಾಲೆಯನ್ನೂ ಹೊಕ್ಕದ್ದರಲ್ಲಿ ಆಶ್ಚರ್ಯವಿಲ್ಲ. ಗರುಡನ ರೆಕ್ಕೆಗೆ ಹೊಳಪು ಕೊಡುವ ವಿಧಾನಕ್ಕೆ ಪಾರಸಿಯ ಹೆಸರು ಬಂದುದು ನಮ್ಮ ಜನಜೀವನದ ಸಾಮರಸ್ಯಕ್ಕೆ ಸಾಕ್ಷಿ.

ವಿರೂಪಾಕ್ಷನ ಗುಡಿಯ ಚಿತ್ರಗಳು

ಇನ್ನು ಹಂಪೆಯ ಚಿತ್ರಗಳ ವಿಷಯ. ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯಲ್ಲಿ ಗಿರಿಜಾಕಲ್ಯಾಣ, ಅರ್ಜುನನ ಮತ್ಸ್ಯಯಂತ್ರಭೇದನ, ದಶಾವತಾರ, ಪಲ್ಲಕ್ಕಿಯಲ್ಲಿ ಕುಳಿತ ವಿದ್ಯಾರಣ್ಯರ ಮೆರವಣಿಗೆ ಮೊದಲಾದ ಚಿತ್ರಗಳಿವೆ. ಇವು ವಿಜಯನಗರ ಕಾಲದವೆಂದು ಕೆಲವರ ಮತ. ಈಗ ಕಾಣುವ ರೂಪವು 19ನೆಯ ಶತಮಾನದ ಪೂರ್ವಾರ್ಧದ್ದೆಂದು ಮತ್ತೆ ಕೆಲವು ವಿದ್ವಾಂಸರ ಅಭಿಪ್ರಾಯ.

ಎರಡನೆಯ ಮತವನ್ನು ಒಪ್ಪಿದರೆ ಚಿತ್ರಗಾರರ ಹಿರಿಮೆ ಕುಗ್ಗುವುದೆಂದು ಯಾರೂ ಅಂಜಬೇಕಾಗಿಲ್ಲ. ರಾಜಧಾನಿ ಹಾಳಾಗಿ ಎರಡೂವರೆ ಶತಮಾನಗಳು ಕಳೆದ ಮೇಲೂ ಈ ಪ್ರಾಂತದಲ್ಲಿ ಅಂಥ ಚಿತ್ರಗಳನ್ನು ಬರೆಯಬಲ್ಲ ಕೈಗಳಿದ್ದುವೆಂದು ಆಗ ಸಿದ್ಧವಾಗುತ್ತದೆ. ಆ ಕೈಗಳು ತಮ್ಮ ಹಿರಿಯರವೆಂಬ ಕಿನ್ನಾಳದ ಮಾತು ನಿಜವಾದಲ್ಲಿ, ಅವರು ಹಂಪೆಯನ್ನು ಒಮ್ಮೆಗೇ ತೊರೆದು ಬಂದವರಲ್ಲ. ಹೋಗುತ್ತಲೂ ಬರುತ್ತಲೂ ಇದ್ದವರು. ಚಿತ್ರಗಾರರ ಒಂದು ಮನೆಯಲ್ಲಿ ಹಳೆಯ ಚಿತ್ರಗಳ ನಕಲು ಹಾಳೆಗಳು ದೊರೆತುದನ್ನು ಈ ನಂಬಿಕೆಗೆ ಆಧಾರವಾಗಿ ಹೇಳುತ್ತಾರೆ. ಮೇಲಾಗಿ ಈ ವೃತ್ತಿಯ ಸ್ವಭಾವವೇ ಸಂಚಾರ. ಜಾತ್ರೆ ಬಂದಾಗ ದ್ಯಾಮವ್ವನಿಗೆ ಬಣ್ಣ ಏರಿಸಬೇಕು. ತೇರು ಹಳತಾದಾಗ ಹೊಸದು ಮಾಡಬೇಕು. ಎಲ್ಲಿ ದೇವರಿದೆಯೋ ಅಲ್ಲಿಗೆ ಚಿತ್ರಗಾರನು ಹೋಗಬೇಕು.

ಆದುದರಿಂದ ಕಿನ್ನಾಳದ ವಲಸೆಯನ್ನು 1565ರ ಒಂದು ರಾತ್ರಿಯ ಪಲಾಯನವೆಂದು ಕಾಣುವುದಕ್ಕಿಂತ, ಆಶ್ರಯವನ್ನು ಅರಸುತ್ತ ಕೆಲವು ಶತಮಾನಗಳ ಕಾಲ ನಡೆದ ಪಯಣವೆಂದು ಕಾಣುವುದು ಯುಕ್ತ. ಸಾಮ್ರಾಜ್ಯ ಕಳೆದುಹೋದ ಮೇಲೆ ಈ ವಿದ್ಯೆಯನ್ನು ಉಳಿಸಿದವರು ಹಳ್ಳಿಯ ಜನರು. ಅರಸನ ಸ್ಥಾನದಲ್ಲಿ ದ್ಯಾಮವ್ವನ ಜಾತ್ರೆ ನಿಂತಿತು. ರಾಜಭಂಡಾರದ ಸ್ಥಾನದಲ್ಲಿ ಊರವರ ವಂತಿಗೆ ನಿಂತಿತು.

ಇಂದಿನ ವಲಸೆ

ಈ ಪಯಣ ಇನ್ನೂ ಮುಗಿದಿಲ್ಲ. ಹಿಂದೆ ಕುಶಲಿಯು ಕುಶಲತೆಯನ್ನು ಹೊತ್ತು ಊರು ಬಿಟ್ಟನು. ಇಂದು ಕುಶಲಿಯ ಮಗನು ಕುಶಲತೆಯನ್ನು ಊರಿನಲ್ಲಿಯೇ ಬಿಟ್ಟು ಹೋಗುತ್ತಿದ್ದಾನೆ. ಹಳೆಯ ಬಣ್ಣಗಳ ಸ್ಥಾನಕ್ಕೆ ಅಂಗಡಿಯ ಡಬ್ಬಿಯ ಬಣ್ಣ ಬಂದಿದೆ. ಅಚ್ಚಿನ ಪ್ಲಾಸ್ಟಿಕ್ ಗೊಂಬೆಯ ಬೆಲೆಯೊಡನೆ 22 ಭಾಗಗಳನ್ನು ಕೂಡಿಸಿ ಮಾಡಿದ ಗಣೇಶನು ಸ್ಪರ್ಧಿಸಲಾರನು. ಮಗನು ಬೇರೆ ಉದ್ಯೋಗ ಹಿಡಿದರೆ ಅದು ಅವನ ತಪ್ಪಲ್ಲ. ಹೊಟ್ಟೆಗೆ ಸಾಲದ ವಿದ್ಯೆಯನ್ನು ಕಾಯಬೇಕೆಂದು ಪರರಿಗೆ ಉಪದೇಶಿಸುವ ಅಧಿಕಾರ ನಮಗಿಲ್ಲ. ಆದರೆ ಒಂದು ಮಾತು ಸ್ಪಷ್ಟ. ಈ ಜನರ ಚರಿತ್ರೆ ಬಹುಪಾಲು ಅವರ ಕೈಗಳಲ್ಲಿಯೇ ಬರೆದಿರುವುದರಿಂದ, ಕಿಟ್ಟ ಕಲಸುವ ಕೊನೆಯ ಕೈ ನಿಂತ ದಿನ ಗ್ರಂಥವೇ ಸುಟ್ಟುಹೋದಂತೆ.

ಅಧ್ಯಾಪಕ ಮಿತ್ರರು ವಿದ್ಯಾರ್ಥಿಗಳನ್ನು ಕಿನ್ನಾಳಕ್ಕೆ ಕರೆದೊಯ್ದು, ಹಿರಿಯ ಚಿತ್ರಗಾರರ ಬಾಯಿಂದ ಮನೆತನದ ಕಥೆಗಳನ್ನೂ ಉಪಕರಣಗಳ, ಬಣ್ಣಗಳ, ಅಳತೆಗಳ ಹೆಸರುಗಳನ್ನೂ ಬರೆಯಿಸಿಕೊಳ್ಳಲಿ. ಆ ಶಬ್ದಗಳಲ್ಲಿ ಎಷ್ಟೋ ನಮ್ಮ ನಿಘಂಟುಗಳನ್ನು ಸೇರದೆ ಉಳಿದಿರಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ತೊಟ್ಟಿಲಿಗೂ ಹಬ್ಬದ ಗೊಂಬೆಗೂ ಕಿನ್ನಾಳವನ್ನು ಮರೆಯದಿರಲಿ. ದಾನಿಗಳು ಗುಡಿಗೆ ಪಲ್ಲಕ್ಕಿಯನ್ನೋ ಮೂರ್ತಿಯನ್ನೋ ಅರ್ಪಿಸುವಾಗ ತಕ್ಕ ಬೆಲೆ ಕೊಟ್ಟು ಈ ಮನೆತನಗಳಿಂದಲೇ ಮಾಡಿಸಲಿ. ಕಾಯಕಕ್ಕೆ ಗೌರವ ಸಲ್ಲಬೇಕೆಂದು ಬೋಧಿಸುವ ಸಂಸ್ಥೆಯ ಸ್ಮರಣ ಸಂಚಿಕೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಬೇಡಬೇಕಾಗಿಲ್ಲ. ಇದಕ್ಕಿಂತ ಕಡಿಮೆಯನ್ನು ಬೇಡುವುದೂ ಉಚಿತವಲ್ಲ.